ಆ ಮುಖವಾಡ ಯಾವ ಮನೆತನದ್ದು? ನಮ್ಮ ಕನ್ನಡ ಸಂಘಕ್ಕೊಂದು ಬಹಿರಂಗ ಪತ್ರ

ಕನ್ನಡ ಸಂಘದ ಅಧ್ಯಕ್ಷರಿಗೆ, ಕಾರ್ಯಕಾರಿ ಸಮಿತಿಯವರಿಗೆ, ಸಾಂಸ್ಕೃತಿಕ ಸಮಿತಿಯ ಸ್ವಯಂಸೇವಕರಿಗೆ,

ಮಾನ್ಯರೇ, ನಮಸ್ಕಾರ.

ಸಂಘದ ಹೆಸರನ್ನು ಬೇಕೆಂದೇ ಬರೆದಿಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ವ್ಯಾಂಕೋವರಿಗೆ ಬಂದಿಳಿದಾಗ ನನಗೆ ಚಳಿಗಾಲದ ಕೋಟು ಎರವಲು ಕೊಟ್ಟವರು ನೀವು, ಬಾಣಂತನಕ್ಕೆ ಅಮ್ಮ ಬರಲಾಗದಿದ್ದಾಗ ಸರದಿಯಲ್ಲಿ ಸಾರು ಅನ್ನ ತಂದುಕೊಟ್ಟವರು ನೀವು. ಸಂಘದ ಮಾನ ಕಳೆಯುವುದು ನನ್ನ ಉದ್ದೇಶವಲ್ಲ. ಆದರೆ ರಾಜ್ಯೋತ್ಸವದಲ್ಲಿ ಇಲ್ಲಿಯ ಮೂಲನಿವಾಸಿಗಳ ವೇಷ ಹಾಕಿಸಿ ಆಡಿಸಿದ ಮಕ್ಕಳ ನಾಟಕದ ಬಗ್ಗೆ ನಾನು ಬರೆದ ಎರಡು ಇಮೇಲ್‌ಗಳಿಗೆ ಉತ್ತರ ಬರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಕೇಳಿದಾಗ ಒಬ್ಬರು ಹೆಬ್ಬೆರಳು ತೋರಿಸಿದರು, ಇನ್ನೊಬ್ಬರು “ಮಕ್ಕಳ ಪ್ರೋಗ್ರಾಂ ಅಕ್ಕ, ಇಷ್ಟು ಸೀರಿಯಸ್ ಆಗ್ಬೇಡಿ” ಎಂದರು, ಅದರ ಕೆಳಗೆ ಯಾರೋ ಯುಗಾದಿ ಪಾಟ್‌ಲಕ್‌ನ ಪಟ್ಟಿ ಹಾಕಿದರು. ಅಲ್ಲಿಗೆ ವಿಷಯ ಮುಗಿಯಿತು. ಈಗ ಅದೇ ನಾಟಕವನ್ನು ಬೇರೆ ಊರಿನ ಕನ್ನಡ ಕೂಟದ ವೇದಿಕೆಗೂ ಒಯ್ಯುತ್ತೀರಿ ಎಂದು ಕೇಳಿದೆ. ಅದಕ್ಕಾಗಿ ಈ ಪತ್ರ.

ಮೊದಲು ನನ್ನ ತಪ್ಪನ್ನು ಹೇಳುತ್ತೇನೆ. ಆ ನಾಟಕಕ್ಕೆ ಮೂಲವಾದ ಪುಸ್ತಕ ತಂದುಕೊಟ್ಟವಳು ನಾನೇ.

ನಮ್ಮ ಓದುಬಳಗಕ್ಕೆ ಈ ನಾಡಿನದೇ ಒಂದು ಕಾದಂಬರಿ ಬೇಕು ಎಂದಾಗ ನಾನು ಸೂಚಿಸಿದ್ದು ಮಾರ್ಗರೆಟ್ ಕ್ರೇವನ್ ಅವರ ‘ಐ ಹರ್ಡ್ ದ ಔಲ್ ಕಾಲ್ ಮೈ ನೇಮ್’. ಇಲ್ಲಿ ಹೈಸ್ಕೂಲು ಓದಿದ ಬಹಳಷ್ಟು ಮಂದಿಗೆ ಪರಿಚಯವಿರುವ ಪುಸ್ತಕ. ಲೇಖಕಿ ಅಮೆರಿಕದವರು, 1901ರಲ್ಲಿ ಹುಟ್ಟಿದವರು. 1962ರಲ್ಲಿ ಬ್ರಿಟಿಷ್ ಕೊಲಂಬಿಯಾದ ಕರಾವಳಿಯ ಕಿಂಗ್‌ಕಮ್ ಎಂಬ ಮೂಲನಿವಾಸಿಗಳ ಹಳ್ಳಿಗೆ ಹೋಗಿಬಂದು, ಅರುವತ್ತು ದಾಟಿದ ಮೇಲೆ ಬರೆದ ಮೊದಲ ಕಾದಂಬರಿ ಇದು. 1967ರಲ್ಲಿ ಕೆನಡಾದಲ್ಲಿ ಅಚ್ಚಾಯಿತು, 1973ರಲ್ಲಿ ಅಮೆರಿಕದಲ್ಲಿ ಹೊರಬಂದು ಮನೆಮಾತಾಯಿತು.

ಕಥೆ ಸಣ್ಣದು. ಇಪ್ಪತ್ತೇಳರ ಹರೆಯದ ಆಂಗ್ಲಿಕನ್ ಪಾದ್ರಿ ಮಾರ್ಕ್ ಬ್ರಯನ್‌ಗೆ ಇನ್ನು ಹೆಚ್ಚೆಂದರೆ ಎರಡು ಮೂರು ವರ್ಷ ಆಯುಸ್ಸು. ಅದು ವೈದ್ಯರಿಗೆ ಗೊತ್ತು, ಬಿಷಪ್‌ಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಬಿಷಪ್ ಅವನನ್ನು ತನ್ನ ಸೀಮೆಯ ಅತಿ ಕಷ್ಟದ ಜಾಗಕ್ಕೆ, ದೋಣಿಯಲ್ಲೇ ಹೋಗಬೇಕಾದ ಕಿಂಗ್‌ಕಮ್‌ಗೆ ಕಳಿಸುತ್ತಾನೆ. ಗೂಬೆ ಯಾರ ಹೆಸರು ಹಿಡಿದು ಕೂಗುತ್ತದೋ ಅವರಿಗೆ ಸಾವು ಬಂತು ಎನ್ನುವುದು ಆ ಹಳ್ಳಿಯವರ ನಂಬಿಕೆ. ಮನೆ ಮಾಡಿನ ಮೇಲೆ ಗುಮ್ಮ ಕೂತು ಕೂಗಿದರೆ ನನ್ನ ಅಜ್ಜಿಯೂ ಒಲೆಯ ಕೊಳ್ಳಿ ಹಿಡಿದು ಅಂಗಳಕ್ಕೆ ಓಡುತ್ತಿದ್ದರು. ಆದ್ದರಿಂದ ಆ ಹೆಸರು ನನ್ನನ್ನು ಸುಲಭವಾಗಿ ಹಿಡಿಯಿತು.

ಪುಸ್ತಕದ ಮೊದಲ ಪುಟಗಳಲ್ಲೇ ಮರೆಯಲಾಗದ ಒಂದು ಪ್ರಸಂಗವಿದೆ. ಹೊಸ ಪಾದ್ರಿ ಬಂದಿಳಿದಾಗ ಅವನ ಮನೆಯೊಳಗೆ ನೀರಿನಲ್ಲಿ ಮುಳುಗಿ ಸತ್ತ ಹುಡುಗನೊಬ್ಬನ ಶವವಿದೆ. ಹೂಳುವಂತಿಲ್ಲ, ಪೊಲೀಸಿನವನು ಬಂದು ಪರವಾನಗಿ ಕೊಡಬೇಕು. ದಿನಗಳು ಕಳೆಯುತ್ತಿವೆ, ಅವನು ಬಂದಿಲ್ಲ. ಇಡೀ ಊರು ತನ್ನ ಮಗುವನ್ನು ಮಣ್ಣು ಮಾಡಲು ಕಾಗದಕ್ಕೆ ಕಾಯುತ್ತಿದೆ. ಕ್ರೇವನ್ ಇಲ್ಲಿ ದನಿ ಎತ್ತುವುದಿಲ್ಲ, ಯಾರನ್ನೂ ಬಯ್ಯುವುದಿಲ್ಲ. ಆ ಪ್ರಸಂಗಕ್ಕಾಗಿಯೇ ನಾನು ಈ ಪುಸ್ತಕವನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಇನ್ನೊಂದು ಸಾಲ್ಮನ್ ಮೀನಿನದು. ಹಳ್ಳಿಯವರು ಅದನ್ನು ಈಜುಗಾರ ಎಂದೇ ಕರೆಯುತ್ತಾರೆ. ಹೊಳೆ ಏರಿ ಬಂದು, ಮೊಟ್ಟೆಯಿಟ್ಟು, ಮೈಯೆಲ್ಲ ಹರಿದು ಸಾಯುವ ಮೀನನ್ನು ಕಂಡು ಕೀಟಾ ಎಂಬ ಹುಡುಗಿ ದುಃಖಪಡುತ್ತಾಳೆ. ಇದು ದುಃಖದ ಕಥೆಯಲ್ಲ ಎನ್ನುತ್ತಾನೆ ಮಾರ್ಕ್. ತನಗೂ ಅದೇ ಗತಿ ಬಂದಿದೆ ಎಂದು ಅವನಿಗೆ ತಿಳಿದಿಲ್ಲ, ಓದುವ ನಮಗೆ ತಿಳಿದಿದೆ. ಇಂಥ ಜಾಗಗಳಲ್ಲಿ ಕ್ರೇವನ್ ದೊಡ್ಡ ಲೇಖಕಿ.

ಆದರೆ ಓದುಬಳಗದ ಸಂಜೆ ನಾನು ಹೇಳಬೇಕಾಗಿದ್ದ ಮಾತು ಬೇರೆ ಇತ್ತು. ಇದು ಹಳ್ಳಿಯ ಕಥೆಯಲ್ಲ, ಹಳ್ಳಿಗೆ ಬಂದ ಪಾದ್ರಿಯ ಕಥೆ. ಸಾಯಲು ಕಲಿಯಬೇಕಾದ ಒಬ್ಬ ಬಿಳಿಯ ಯುವಕನಿಗೆ ಒಂದು ಜನಾಂಗವೇ ಶಾಲೆಯಾಗಿ ನಿಂತ ಕಥೆ. ಮುದುಕರು ಹಳೆಯದನ್ನು ನೆನೆದು ಕೊರಗುತ್ತಾರೆ, ಎಳೆಯರು ಊರು ಬಿಡುತ್ತಾರೆ, ಇನ್ನೇನು ಎಲ್ಲ ಮುಗಿಯಿತು ಎಂಬ ಸಂಜೆಗತ್ತಲು ಪುಸ್ತಕದ ತುಂಬ ಕವಿದಿದೆ. ಇಷ್ಟನ್ನು ಬಾಯಿಬಿಟ್ಟು ಹೇಳದೆ, ಬಿಸಿಬೇಳೆಬಾತ್ ತಣ್ಣಗಾಗುತ್ತಿದೆ ಎಂದು ನಾನು ಚರ್ಚೆ ಮುಗಿಸಿದೆ. ಎಲ್ಲರೂ ಕಣ್ಣೊರೆಸಿಕೊಂಡು “ಎಷ್ಟು ಒಳ್ಳೆ ಪಾದ್ರಿ” ಎಂದರು. ಆ ಮಾತಿನಿಂದಲೇ ನಾಟಕ ಹುಟ್ಟಿತು.

ಕನ್ನಡಿಗರಿಗೆ ಪಾದ್ರಿ ಎಂದರೆ ಕಿಟೆಲ್. ಅದು ಸಹಜವೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು 1843ರಲ್ಲಿ ‘ಮಂಗಳೂರ ಸಮಾಚಾರ’ ಕೊಟ್ಟರು, 1894ರಲ್ಲಿ ನಿಘಂಟು ಕೊಟ್ಟರು, ಹಂಚಿನ ಕಾರ್ಖಾನೆ ಕೊಟ್ಟರು. ನಾನೂ ಆ ನಿಘಂಟಿಗೆ ಕೈಮುಗಿಯುವವಳೇ. ಆದರೆ ನಮ್ಮ ತುಳುನಾಡಿನ ದೈವಗಳ ಕಥೆ ಹೇಳುವ ಪಾಡ್ದನದ ಹಾಡುಗಳನ್ನು ಅದೇ ಕಾಲದಲ್ಲಿ ಸಂಗ್ರಹಿಸಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿದಾಗ ಕೊಟ್ಟ ಹೆಸರು ‘ತುಳುವರ ಪಿಶಾಚಾರಾಧನೆ’ ಎಂದು. ಅಕ್ಷರ ಕೊಟ್ಟವರ ಬಾಯಲ್ಲೇ ಆ ಮಾತೂ ಇತ್ತು. ಇಲ್ಲಿಯ ಹಳ್ಳಿಗಳಲ್ಲಿ ಅದು ಬರೀ ಮಾತಿಗೆ ನಿಲ್ಲಲಿಲ್ಲ, ಕಾನೂನಾಯಿತು.

ಈಗ ಆ ದಿನ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಕಾರ್ಯಕ್ರಮ ಶುರುವಾದದ್ದು ನಾಡಗೀತೆಯಿಂದ, ಆಮೇಲೆ ನೆಲದ ಒಡೆಯರ ಸ್ಮರಣೆ. ಈ ಸಭಾಂಗಣ ಮಸ್ಕ್ವಿಯಂ, ಸ್ಕ್ವಾಮಿಶ್, ಸ್ಲೇಲ್‌ವಾಟುತ್ ಜನರು ಎಂದೂ ಬಿಟ್ಟುಕೊಡದ ನೆಲದ ಮೇಲಿದೆ ಎಂದು ಇಂಗ್ಲಿಷಿನಲ್ಲಿ ಓದಿದರು. ಒಳ್ಳೆಯದೇ. ಸುಮಾರು ಒಂದು ಗಂಟೆಯ ನಂತರ ಅದೇ ಮೈಕಿನಲ್ಲಿ ನಿರೂಪಕರು “ಈಗ ನಶಿಸಿಹೋಗಿರುವ ರೆಡ್ ಇಂಡಿಯನ್ ಬುಡಕಟ್ಟಿನ ಬದುಕನ್ನು ನಮ್ಮ ಪುಟಾಣಿಗಳು ನಿಮ್ಮ ಮುಂದೆ ತರುತ್ತಾರೆ” ಎಂದರು. ಒಂದು ಗಂಟೆಯಲ್ಲಿ ನೆಲದ ಒಡೆಯರು ನಶಿಸಿಹೋದರು.

ಪರದೆ ಎದ್ದಿತು. ಮಕ್ಕಳ ತಲೆಗೆ ಉದ್ದುದ್ದ ಗರಿಗಳ ಕಿರೀಟ. ಅದು ಬೆಟ್ಟದಾಚೆಯ ಬಯಲು ಸೀಮೆಯವರದು, ಈ ಕರಾವಳಿಯವರದಲ್ಲ. ಬಾಯಿಗೆ ಅಂಗೈ ಬಡಿದುಕೊಂಡು ಕೂಗುವುದು ಹಳೆಯ ಹಾಲಿವುಡ್ಡಿನದು, ಯಾರದೂ ಅಲ್ಲ. ಪಾದ್ರಿಯ ಪಾತ್ರದ ಹುಡುಗ ಕಪ್ಪು ನಿಲುವಂಗಿಯಲ್ಲಿ ಬಂದು ಚಾಕಲೇಟು ಹಂಚಿದ, ಹಳ್ಳಿಯ ಮಕ್ಕಳು ಅವನ ಕಾಲಿಗೆ ಬಿದ್ದರು. ಮಾನ್ಯರೇ, ಇದು ಕಾದಂಬರಿಯ ಯಾವ ಪುಟದಲ್ಲಿದೆ? ಅಲ್ಲಿ ಕಲಿಯಲು ಬಂದವನು ಪಾದ್ರಿ, ಕಲಿಸುವವರು ಅವರು. ಮುದುಕಿ ಮಾರ್ತಾ, ಮರ ಕೆತ್ತುವ ಪೀಟರ್, ದೋಣಿ ನಡೆಸುವ ಜಿಮ್, ಇವರೆಲ್ಲ ಅವನನ್ನು ತೂಗಿ ನೋಡಿ, ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುತ್ತಾರೆ. ಪುಸ್ತಕದಲ್ಲಿ ಅದೊಂದನ್ನು ಕ್ರೇವನ್ ಸರಿಯಾಗಿ ಕಂಡಿದ್ದರು. ನಾವು ಅದನ್ನೂ ತಲೆಕೆಳಗು ಮಾಡಿದೆವು.

ರಾಜ್ಯೋತ್ಸವದ ದಿನ ಸಾವು ಬೇಡ ಎಂದು ಕೊನೆಯನ್ನೂ ಬದಲಿಸಿದಿರಿ. ಪಾದ್ರಿ ಸಾಯಲಿಲ್ಲ, ಊರಿನವರನ್ನೆಲ್ಲ ಸೂಟು ಹಾಕಿಸಿ ಪೇಟೆಗೆ ಕರೆದುಕೊಂಡು ಹೋದ. ಸಾವೇ ಇಲ್ಲದ ಮೇಲೆ ಗೂಬೆ ಯಾಕೆ ಕೂಗಿತು ಮಾರಾಯ್ರೇ?

ಇಷ್ಟಾಗಿದ್ದರೆ ನಾನೂ ನಕ್ಕು ಮನೆಗೆ ಹೋಗುತ್ತಿದ್ದೆ. ಪತ್ರ ಬರೆಸಿದ್ದು ಮುಖವಾಡಗಳು.

ಒಂಬತ್ತು ಮುಖವಾಡ. ರಟ್ಟು, ಪೋಸ್ಟರ್ ಬಣ್ಣ, ದಾರ ಎಳೆದರೆ ಟಕಟಕ ಎಂದು ಬಾಯಿ ತೆರೆಯುವ ಉದ್ದ ಕೊಕ್ಕು. ಮೂರು ವಾರಾಂತ್ಯ ಕೂತು ಅಪ್ಪ ಅಮ್ಮಂದಿರು ಮಾಡಿದ್ದು, ಕೈಕೆಲಸ ಚೆನ್ನಾಗಿತ್ತು. ಅಂತರ್ಜಾಲದಲ್ಲಿ ಸಿಕ್ಕ ಚಿತ್ರಗಳನ್ನು ನೋಡಿ ಬಿಡಿಸಿದ್ದೆಂದು ಕೇಳಿದೆ. ಅವು ಈ ಕರಾವಳಿಯ ಮೂಲನಿವಾಸಿಗಳ ಹಮತ್ಸ ಕುಣಿತದ ಹಕ್ಕಿ ಮುಖವಾಡಗಳು. ಚಳಿಗಾಲದ ಆಚರಣೆಯಲ್ಲಿ ಹಮತ್ಸಕ್ಕೆ ಬಹಳ ಎತ್ತರದ ಸ್ಥಾನ. ಅದನ್ನು ಯಾರು ಬೇಕಾದರೂ ಧರಿಸುವಂತಿಲ್ಲ, ಯಾರು ಬೇಕಾದರೂ ಕುಣಿಯುವಂತಿಲ್ಲ. ಕುಣಿತ, ಹಾಡು, ಮುಖವಾಡ, ಅದರ ಹೆಸರು, ಅದರ ಕಥೆ ಎಲ್ಲವೂ ಇಂಥ ಮನೆತನದ್ದು ಎಂದಿರುತ್ತದೆ. ಹುಟ್ಟಿನಿಂದಲೋ ಮದುವೆಯಿಂದಲೋ ಹಕ್ಕು ಬರಬೇಕು, ಬಂದದ್ದನ್ನು ನೆರೆದವರ ಎದುರು ಸಾರಬೇಕು.

ಆ ಸಂಜೆ ನನ್ನ ಪಕ್ಕದಲ್ಲಿ ಕೂತಿದ್ದವರು ನನ್ನ ಸಹೋದ್ಯೋಗಿ. ಕ್ವಾಕ್ವಕ್ಯವಾಕ್ ಜನ, ಅಂದರೆ ಕ್ವಾಕ್ವಲ ಮಾತಾಡುವವರು. ಕಾದಂಬರಿಯ ಹಳ್ಳಿಯವರೂ ಅದೇ ನುಡಿಯವರು. ಹೋಳಿಗೆ ತಿನ್ನಿಸಬೇಕೆಂದು ಕರೆತಂದಿದ್ದೆ. ನಾಟಕ ಇದೆ ಎಂದು ಗೊತ್ತಿತ್ತು, ಮುಖವಾಡ ಇದೆ ಎಂದು ಗೊತ್ತಿರಲಿಲ್ಲ. ಅವರು ಎದ್ದು ಹೋಗಲಿಲ್ಲ. ಕೊನೆಗೆ ಮಕ್ಕಳಿಗೆ ಚಪ್ಪಾಳೆಯನ್ನೂ ತಟ್ಟಿದರು. ಹೋಳಿಗೆ ತಿಂದರು, ತುಪ್ಪ ಇನ್ನೊಂಚೂರು ಹಾಕಿಸಿಕೊಂಡರು. ಮನೆಗೆ ಬಿಡಲು ಹೋಗುವಾಗ ಸೇತುವೆಯ ಮೇಲೆ ಗಾಡಿಗಳು ನಿಂತಿದ್ದವು. ಆಗ ಒಂದೇ ಪ್ರಶ್ನೆ ಕೇಳಿದರು: “ಆ ಕೊಕ್ಕಿನ ಮುಖವಾಡ ಯಾವ ಮನೆತನದ್ದು ಅಂತ ನಿಮ್ಮ ಮಕ್ಕಳಿಗೆ ಗೊತ್ತಾ?”

ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ನಾನು ಕಾರ್ಕಳದ ಕಡೆಯವಳು.

ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ದೈವದ ಭಂಡಾರ, ಅಂದರೆ ಅದರ ಮೊಗ, ಆಯುಧ, ಒಡವೆ, ಮನೆಯೊಂದರಲ್ಲಿ ಇರುತ್ತದೆ. ದೈವ ಕಟ್ಟಿ ಕುಣಿಯುವ ಕೋಲದ ದಿನ ಅದು ಮೆರವಣಿಗೆಯಲ್ಲಿ ಹೊರಬರುತ್ತದೆ. ದೈವ ಕಟ್ಟಲು ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ತೆಗೆದುಕೊಂಡ ನಲಿಕೆ, ಪಂಬದ, ಪರವ ಜಾತಿಯವರು ಮುಖಕ್ಕೆ ಅರದಾಳದ ಹಳದಿ ಬಳಿದು, ಬೆನ್ನಿಗೆ ಅಣಿ ಕಟ್ಟಿ, ಕಾಲಿಗೆ ಗಗ್ಗರ ಏರಿಸಿದ ಮೇಲೆ ಆ ಮನುಷ್ಯ ಮನುಷ್ಯನಲ್ಲ. ದಿನವೂ ಅವರನ್ನು ಅಂಗಳದಾಚೆ ನಿಲ್ಲಿಸಿದ ಗುತ್ತಿನ ದೊಡ್ಡಮನೆಯ ಯಜಮಾನನೂ ಅಂದು ಕೈಮುಗಿದು ನಿಲ್ಲುತ್ತಾನೆ. ಕೆಲವು ವರ್ಷಗಳ ಹಿಂದೆ ಸಿನಿಮಾ ನೋಡಿದವರು ಥಿಯೇಟರಿನ ಬಾಗಿಲಲ್ಲಿ, ಕಾಲೇಜು ಡೇಗಳಲ್ಲಿ ದೈವದ ವೇಷ ಹಾಕಿ ಕುಣಿದಾಗ ತುಳುನಾಡಿನ ಜನ ಎಷ್ಟು ನೊಂದುಕೊಂಡರು ನೆನಪಿದೆಯಲ್ಲ? ನಮ್ಮ ಸಮಿತಿಯಲ್ಲೇ ಇರುವ ಇಬ್ಬರು ಆಗ ಫೇಸ್‌ಬುಕ್ಕಿನಲ್ಲಿ ಉದ್ದುದ್ದ ಬರೆದಿದ್ದರು. “ಇದು ಡ್ಯಾನ್ಸ್ ಅಲ್ಲ, ನಮ್ಮ ನಂಬಿಕೆ” ಎಂದು. ನಾನು ಲೈಕ್ ಒತ್ತಿದ್ದೆ. ಅವರಿಬ್ಬರೂ ಈ ನಾಟಕಕ್ಕೆ ರಟ್ಟು ಕತ್ತರಿಸಿದ್ದಾರೆ.

ನಮಗೆ ಇನ್ನೊಂದು ನೆನಪೂ ಇರಬೇಕು, ಅದು ಅಷ್ಟು ಸುಖದ್ದಲ್ಲ. ಮೈಗೆ ಮಸಿ ಬಳಿದು, ತಲೆಗೆ ಹಾಳೆ ಟೊಪ್ಪಿ ಇಟ್ಟು, ನವರಾತ್ರಿಗೆ ಕೊರಗ ಬುಡಕಟ್ಟಿನವರ ವೇಷ ಹಾಕಿ ಮನೆಮನೆಗೆ ಬರುತ್ತಿದ್ದವರನ್ನು ಕಂಡು ನಾವು ಮಕ್ಕಳು ಚಪ್ಪಾಳೆ ತಟ್ಟಿ ನಗುತ್ತಿದ್ದೆವು. ನಮ್ಮ ತೋಟದಂಚಿನ ಕೊಪ್ಪದಲ್ಲಿ ನಿಜವಾದ ಕೊರಗರಿದ್ದರು, ಬುಟ್ಟಿ ಹೆಣೆಯುತ್ತಿದ್ದರು. ಅವರಿಗೆ ಹೇಗಾಗುತ್ತದೆ ಎಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದದ್ದು 2000ದಲ್ಲಿ. ಅಷ್ಟು ಹೊತ್ತಿಗೆ ನಾನು ಡಿಗ್ರಿ ಮುಗಿಸಿದ್ದೆ.

ಈಗ ಇಲ್ಲಿಯ ಕಾನೂನಿಗೆ ಬರುತ್ತೇನೆ. ಈ ಕರಾವಳಿಯಲ್ಲಿ ಪಾಟ್ಲಾಚ್ ಎಂಬ ದೊಡ್ಡ ನೆರವಿ ನಡೆಯುತ್ತದೆ. ಹೆಸರಿಡುವಾಗ, ಮದುವೆಯಲ್ಲಿ, ಸತ್ತವರ ನೆನಪಿಗೆ, ಹಕ್ಕು ಒಬ್ಬರಿಂದ ಒಬ್ಬರಿಗೆ ದಾಟುವಾಗ. ಅಲ್ಲಿ ಕರೆದವರು ಕೊಡುತ್ತಾರೆ, ಬಂದವರು ಪಡೆಯುತ್ತಾರೆ. ಪಡೆದವರು ನಡೆದದ್ದಕ್ಕೆಲ್ಲ ಸಾಕ್ಷಿ. ನಮ್ಮ ಮುಯ್ಯಿಯನ್ನು ತಿರುಗಿಸಿಟ್ಟ ಹಾಗೆ. ಕೊಟ್ಟವನೇ ದೊಡ್ಡವನಾಗುವ ಈ ಏರ್ಪಾಡು ಮಿಷನರಿಗಳಿಗೂ ಸರಕಾರಕ್ಕೂ ಹಿಡಿಸಲಿಲ್ಲ. 1884ರಲ್ಲಿ ಮೂಲನಿವಾಸಿಗಳ ಮೇಲಿನ ಕೆನಡಾದ ಇಂಡಿಯನ್ ಕಾಯಿದೆಗೆ ತಿದ್ದುಪಡಿ ತಂದು 1885ರಿಂದ ಪಾಟ್ಲಾಚನ್ನು ಅಪರಾಧ ಮಾಡಿದರು. 1951ರವರೆಗೆ ಆ ಕಲಮು ಪುಸ್ತಕದಲ್ಲಿತ್ತು.

1921ರ ಡಿಸೆಂಬರಿನಲ್ಲಿ ವಿಲೇಜ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ಡ್ಯಾನ್ ಕ್ರ್ಯಾನ್ಮರ್ ಎಂಬವರು ಕದ್ದುಮುಚ್ಚಿ ದೊಡ್ಡ ಪಾಟ್ಲಾಚ್ ಕೊಟ್ಟರು. ಸುದ್ದಿ ಹೊರಬಿತ್ತು. 45 ಮಂದಿಯ ಮೇಲೆ ಕೇಸು ಬಿತ್ತು. ಅಪರಾಧ ಏನೆಂದರೆ ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಹೊತ್ತು ತಂದದ್ದು. ನಿಮ್ಮ ಮುಖವಾಡ, ತಾಮ್ರದ ಫಲಕ, ಗಿಲಕಿಗಳನ್ನೆಲ್ಲ ಒಪ್ಪಿಸಿದರೆ ಜೈಲು ತಪ್ಪುತ್ತದೆ ಎಂದರು. ಕೆಲವರು ಒಪ್ಪಿಸಿದರು. ಒಪ್ಪದವರು ವ್ಯಾಂಕೋವರ್ ಬಳಿಯ ಓಕಾಲಾ ಜೈಲಿಗೆ ಹೋದರು, ಅವರಲ್ಲಿ ಹೆಂಗಸರೂ ಇದ್ದರು. ಹಾಗೆ ಕೂಡಿಬಿದ್ದ ನೂರಾರು ವಸ್ತುಗಳನ್ನು ಸರಕಾರದ ಏಜೆಂಟ್ ವಿಲಿಯಂ ಹ್ಯಾಲಿಡೇ ಅಲರ್ಟ್ ಬೇ ಊರಿನಲ್ಲಿ ಬೆಂಚುಗಳ ಮೇಲೆ ಸಾಲಾಗಿ ಜೋಡಿಸಿ ಪ್ರದರ್ಶನಕ್ಕಿಟ್ಟ. ಎಲ್ಲಿ ಗೊತ್ತೇ? ಚರ್ಚಿನ ಸಭಾಭವನದಲ್ಲಿ. ಆಮೇಲೆ ಅವು ಒಟ್ಟಾವಾ, ಟೊರಾಂಟೊ ಮ್ಯೂಸಿಯಮ್ಮುಗಳಿಗೆ ಹೋದವು, ಕೆಲವನ್ನು ನ್ಯೂಯಾರ್ಕಿನ ಸಂಗ್ರಾಹಕನೊಬ್ಬ ಕೊಂಡುಕೊಂಡ.

ಅದೇ ಅಲರ್ಟ್ ಬೇಯಲ್ಲಿ ಆಂಗ್ಲಿಕನ್ ಚರ್ಚು ನಡೆಸುತ್ತಿದ್ದ ಸೇಂಟ್ ಮೈಕಲ್ಸ್ ಎಂಬ, ಮೂಲನಿವಾಸಿ ಮಕ್ಕಳ ವಸತಿಶಾಲೆಯಿತ್ತು. ಇಟ್ಟಿಗೆಯ ದೊಡ್ಡ ಕಟ್ಟಡ 1929ರದು. ಮಕ್ಕಳು ಕ್ವಾಕ್ವಲ ಆಡಿದರೆ ಶಿಕ್ಷೆ. ಕಾದಂಬರಿಯಲ್ಲಿ ಮಕ್ಕಳು ಆ ಶಾಲೆಗೆ ಹೋಗುತ್ತಾರೆ, ರಜೆಯಲ್ಲಿ ಬರುತ್ತಾರೆ, ಬಂದವರು ಮುಂಚಿನ ಹಾಗೆ ಇರುವುದಿಲ್ಲ. ಕ್ರೇವನ್ ಅಷ್ಟನ್ನು ತೋರಿಸುತ್ತಾರೆ, ಶಾಲೆಯ ಬಾಗಿಲು ತೆರೆದು ಒಳಗೆ ಕರೆದೊಯ್ಯುವುದಿಲ್ಲ. ಮಾರ್ಕ್ ಒಳ್ಳೆಯವನೇ ಇರಬಹುದು, ಅವನ ಬಿಷಪ್ಪೂ ಕರುಣಾಳುವೇ. ಶಾಲೆ ನಡೆಸಿದ್ದು ಅವರದೇ ಚರ್ಚು. 1993ರ ಆಗಸ್ಟ್ 6ರಂದು ಆರ್ಚ್‌ಬಿಷಪ್ ಮೈಕಲ್ ಪಿಯರ್ಸ್ ಆ ಚರ್ಚಿನ ಪರವಾಗಿ ಕ್ಷಮೆ ಕೇಳಿದರು. 2015ರಲ್ಲಿ ಕಟ್ಟಡವನ್ನು ಕೆಡವಿದರು. ಅಲ್ಲಿ ಓದಿದವರು ದೂರದೂರದಿಂದ ಬಂದು ನೋಡಿದರು. ನನ್ನ ಸಹೋದ್ಯೋಗಿಯ ಅಜ್ಜಿಯೂ ಅಲ್ಲಿ ಓದಿದವರು. “ಓದಿದವರು” ಎಂಬ ನನ್ನ ಮಾತನ್ನು ಅವರು ಒಮ್ಮೆ ತಿದ್ದಿದ್ದರು, ಅಲ್ಲಿ “ಇದ್ದು ಬಂದವರು” ಎನ್ನು ಅಂತ.

ಮ್ಯೂಸಿಯಮ್ಮುಗಳ ಜೊತೆ ವರ್ಷಗಟ್ಟಲೆ ಹೋರಾಡಿ ಆ ಜನ ಮುಖವಾಡಗಳನ್ನು ಒಂದೊಂದಾಗಿ ಮರಳಿ ತಂದರು. ಅವುಗಳಿಗಾಗಿ ಕೇಪ್ ಮಜ್ ಎಂಬ ಹಳ್ಳಿಯಲ್ಲಿ 1979ರಲ್ಲಿ ಒಂದು ಮನೆ ಎದ್ದಿತು. ಅಲರ್ಟ್ ಬೇಯಲ್ಲಿ ಎದ್ದದ್ದು ಉಮಿಸ್ತ ಸಾಂಸ್ಕೃತಿಕ ಕೇಂದ್ರ. ಉಮಿಸ್ತ ಎಂದರೆ ಶತ್ರುಗಳು ಹಿಡಿದೊಯ್ದವರು ಮನೆಗೆ ಮರಳಿ ಬರುವುದು. ಅಲ್ಲಿ ಪಾಟ್ಲಾಚಿನ ಮುಖವಾಡಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ, ಬಂಧನದಲ್ಲಿದ್ದದ್ದು ಸಾಕೆಂದು ಬಯಲಿಗೇ ಇಟ್ಟಿದ್ದಾರೆ. ಕೇಂದ್ರ ತೆರೆದ ತಾರೀಖು 1980ರ ನವೆಂಬರ್ 1. ನಮ್ಮ ರಾಜ್ಯೋತ್ಸವ ಹಾಲ್ ಸಿಕ್ಕಿದ ಶನಿವಾರ ನಡೆಯುತ್ತದೆ, ಆ ಮಾತು ಬೇರೆ. ಆದರೂ ತಾರೀಖು ನೋಡಿ ನನಗೆ ಕೂತಲ್ಲೇ ಬೆವರಿತು.

ಕಾದಂಬರಿಯನ್ನು ಓದಿಯೇ ನಾಟಕ ಬರೆದದ್ದು ಎಂದು ನೀವು ಹೇಳಿದ್ದೀರಿ. ಹಾಗಾದರೆ ಆ ಮದುಮಗನ ಪ್ರಸಂಗವನ್ನು ದಾಟಿ ಹೋದದ್ದು ಹೇಗೆ? ಕೀಟಾಳ ಅಕ್ಕನನ್ನು ಮದುವೆಯಾಗುತ್ತೇನೆಂದು ಬಿಳಿಯನೊಬ್ಬ ಹಳ್ಳಿಗೆ ಬರುತ್ತಾನೆ. ನೆಂಟಸ್ತನದ ಸಲುಗೆಯಲ್ಲಿ ಅವರಿಗೆ ಕುಡಿಸಿ, ತಲೆತಲಾಂತರದ ದೊಡ್ಡ ಮುಖವಾಡವನ್ನು ಪುಡಿಗಾಸಿಗೆ ಕೊಂಡು ಹೊರಟುಬಿಡುತ್ತಾನೆ. ಮನೆಮಂದಿ ನಾಚಿಕೆಯಿಂದ ಊರನ್ನೇ ಬಿಡುತ್ತಾರೆ. ಹುಡುಗಿಯನ್ನು ಅವನು ಪೇಟೆಯಲ್ಲಿ ಕೈಬಿಡುತ್ತಾನೆ, ಅವಳು ಬದುಕಿ ಉಳಿಯುವುದಿಲ್ಲ. ಇಡೀ ಪುಸ್ತಕದಲ್ಲಿ ಕ್ರೇವನ್‌ಗೆ ನಿಜಕ್ಕೂ ಸಿಟ್ಟು ಬಂದಿರುವುದು ಅಲ್ಲೇ ಎಂದು ನನಗನ್ನಿಸುತ್ತದೆ. ಮುಖವಾಡ ಕದ್ದವನ ಪ್ರಸಂಗವನ್ನು ನಾಟಕದಿಂದ ಕಿತ್ತುಹಾಕಿ, ಮುಖವಾಡವನ್ನು ಮಾತ್ರ ಇಟ್ಟುಕೊಂಡೆವು.

ಸಮಿತಿಯ ಹಿರಿಯರೊಬ್ಬರು ಫೋನಿನಲ್ಲಿ ಹೇಳಿದ ಮಾತಿಗೂ ಉತ್ತರಿಸಬೇಕು. “ನಾವೂ ಹೊಟ್ಟೆಪಾಡಿಗೆ ಬಂದವರಮ್ಮ, ಅವರಿಗೆ ಅನ್ಯಾಯ ಮಾಡಿದವರು ಬ್ರಿಟಿಷರು, ನಾವಲ್ಲ” ಎಂದರು. ನಿಜ ಸರ್. ಜೈಲಿಗೆ ಕಳಿಸಿದವರು ನಾವಲ್ಲ, ಶಾಲೆ ಕಟ್ಟಿದವರೂ ನಾವಲ್ಲ. ಆದರೆ ಮನೆ ಕೊಂಡಿದ್ದೇವೆ, ಗೃಹಪ್ರವೇಶ ಮಾಡಿದ್ದೇವೆ, ಹಿತ್ತಲಲ್ಲಿ ತೊಂಡೆಚಪ್ಪರ ಹಾಕಿದ್ದೇವೆ. ಪೌರತ್ವದ ಪರೀಕ್ಷೆಗೆ ಓದಿ ಪಾಸೂ ಆಗಿದ್ದೇವೆ. ತೋಟ ಕೊಂಡಾಗ ಆ ಜಾಗದ ದೈವ ಯಾವುದು, ಅದಕ್ಕೆ ತಂಬಿಲದ ಪೂಜೆ ಯಾವಾಗ ಎಂದು ವಿಚಾರಿಸುವ ಊರಿನವಳು ನಾನು. ಇಲ್ಲಿ ಹತ್ತೊಂಬತ್ತು ವರ್ಷ ಯಾರನ್ನೂ ಏನನ್ನೂ ವಿಚಾರಿಸಲಿಲ್ಲ.

“ನಶಿಸಿಹೋದ” ಎಂಬ ಮಾತಿಗೂ ಸ್ವಲ್ಪ ಹೇಳಿಬಿಡುತ್ತೇನೆ. ಕಿಂಗ್‌ಕಮ್ ಹಳ್ಳಿಗೆ ಅಲ್ಲಿಯವರದೇ ಹೆಸರು ಗ್ವಾಯಿ, ಜನ ಕ್ವಾಕ್ವಕ್ಯವಾಕ್‌ನವರೇ ಆದ ಜವಾದೇನುಕ್. ಕಾದಂಬರಿ ಬರೆದು ಅರ್ಧ ಶತಮಾನ ಮೀರಿತು, ಅವರು ಅಲ್ಲೇ ಇದ್ದಾರೆ. 1998ರಲ್ಲಿ ಅವರದೇ ಜನಾಂಗದ ಕಲಾವಿದೆ ಮರಿಯಾನ್ ನಿಕೋಲ್ಸನ್ ಕಿಂಗ್‌ಕಮ್ ಕೊಲ್ಲಿಯ ಕಡಿದಾದ ಬಂಡೆಯ ಮೇಲೆ ದೊಡ್ಡ ಕೆಂಪು ಚಿತ್ರ ಬರೆದರು, ದೋಣಿಯಲ್ಲಿ ಹೋಗುವವರೆಲ್ಲ ಕತ್ತೆತ್ತಿ ನೋಡುವ ಹಾಗೆ. 2010ರಲ್ಲಿ ಹೊಳೆ ಉಕ್ಕಿ ಊರು ಮುಳುಗಿದಾಗ ಹೆಲಿಕಾಪ್ಟರಿನಲ್ಲಿ ಜನರನ್ನು ಸಾಗಿಸಬೇಕಾಯಿತು. ಮತ್ತೆ ಮರಳಿದರು. 2017ರಲ್ಲಿ ಆ ಸೀಮೆಯ ಮೂಲನಿವಾಸಿಗಳು ಸಮುದ್ರದ ಮೀನುಸಾಕಣೆ ಪಂಜರಗಳ ಮೇಲೇ ಹೋಗಿ ಕೂತರು. ಕಾಡು ಸಾಲ್ಮನ್ನಿಗೆ ಆ ಪಂಜರಗಳಿಂದ ಹೇನು ಮತ್ತು ರೋಗ ತಗಲುತ್ತದೆ ಎಂಬುದು ಅವರ ದೂರು. ಕಾದಂಬರಿಯ ಈಜುಗಾರನಿಗಾಗಿ ಕೋರ್ಟಿಗೆ ಹೋದವರನ್ನು ನಾವು ರಂಗದ ಮೇಲೆ ನಶಿಸಿಹೋದವರು ಎಂದೆವು.

ನನ್ನ ಬೇಡಿಕೆಗಳು ದೊಡ್ಡವಲ್ಲ. ನಾಟಕದ ವಿಡಿಯೊವನ್ನು ಸಂಘದ ಯೂಟ್ಯೂಬ್ ಪುಟದಿಂದ ತೆಗೆಯಿರಿ. ಮಕ್ಕಳ ಮುಖ ಇರುವುದರಿಂದ ಹೇಗೂ ತೆಗೆಯುವುದು ಒಳ್ಳೆಯದು. ಮರುಪ್ರದರ್ಶನ ಬೇಡ. ಸ್ಮರಣ ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ ಎಂದು ತಿಳಿದಿದ್ದೇನೆ. ಅದರಲ್ಲಿ ವರದಿಯ ಜೊತೆ ತಪ್ಪೊಪ್ಪಿಗೆಯ ನಾಲ್ಕು ಸಾಲು ಹಾಕಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಇಂಗ್ಲಿಷ್ ಯಾಕೆಂದರೆ ಅದು ಅವರು ಓದಲಿಕ್ಕೆ. ಕನ್ನಡ ಯಾಕೆಂದು ಹೇಳಬೇಕಿಲ್ಲವಲ್ಲ. ಪುಸ್ತಕವನ್ನು ಸುಡುವುದು, ಓದಬಾರದೆನ್ನುವುದು ನನ್ನ ಮಾತಲ್ಲ. ಓದೋಣ, ಇನ್ನೊಮ್ಮೆ ಓದೋಣ, ಈ ಸಲ ಆ ಜನರೇ ಬರೆದದ್ದನ್ನು ಪಕ್ಕದಲ್ಲಿಟ್ಟುಕೊಂಡು. ಓದುಬಳಗವನ್ನು ನಡೆಸುವ ಹೊಣೆ ನನಗೇ ಕೊಡಿ, ಊಟದ ಮೊದಲೇ ಮುಗಿಸುತ್ತೇನೆ.

ಮಕ್ಕಳನ್ನು ಮಾತ್ರ ಬಯ್ಯಬೇಡಿ. ಅವರ ತಪ್ಪೇನೂ ಇಲ್ಲ, ಅವರು ಚೆನ್ನಾಗಿಯೇ ಕುಣಿದರು. ಬೇಸಿಗೆ ರಜೆಯಲ್ಲಿ ಅವರನ್ನು ಅಲರ್ಟ್ ಬೇಗೆ ಕರೆದುಕೊಂಡು ಹೋಗೋಣ. ನನೈಮೋಗೆ ಒಂದು ಹಡಗು, ಅಲ್ಲಿಂದ ನಾಲ್ಕು ತಾಸು ಮೀರಿದ ದಾರಿ, ಪೋರ್ಟ್ ಮ್ಯಾಕ್‌ನೀಲ್‌ನಲ್ಲಿ ಇನ್ನೊಂದು ಫೆರ್ರಿ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಬಸ್ಸು ಮಾಡಿಕೊಂಡು ಹೋದವರಿಗೆ ಇದೇನು ಹೆಚ್ಚಲ್ಲ. ಟಿಕೆಟು ಕೊಂಡು, ಫೋಟೊ ಬೇಡವೆಂದ ಕಡೆ ಫೋನು ಒಳಗಿಟ್ಟು, ಹೇಳಿದ್ದನ್ನು ಕೇಳಿಸಿಕೊಂಡು ಬರೋಣ. ಬೇಸಿಗೆಯಲ್ಲಿ ಅಲ್ಲಿಯ ಮಕ್ಕಳೇ ಬಿಗ್ ಹೌಸ್ ಎಂಬ ಆಚರಣೆಯ ಮನೆಯಲ್ಲಿ ಕುಣಿಯುವುದುಂಟು. ಆ ಮಕ್ಕಳನ್ನು ಕೇಳಿದರೆ ತಮ್ಮ ಕುಣಿತ ಯಾವ ಮನೆಯಿಂದ ಬಂದದ್ದೆಂದು ಹೇಳಬಲ್ಲರು.

ಕೊನೆಯದಾಗಿ, ಆ ಒಂಬತ್ತು ಮುಖವಾಡಗಳ ವಿಚಾರ. ಸಂಘದ ಸಾಮಾನು ಇಡಲು ಜಾಗವಿಲ್ಲವೆಂದು ಅವನ್ನು ನನ್ನ ಗ್ಯಾರೇಜಿನಲ್ಲಿ ಇರಿಸಿದ್ದೀರಿ, ಯಕ್ಷಗಾನದ ಕಿರೀಟದ ಪೆಟ್ಟಿಗೆ ಮತ್ತು ಗಣಪತಿಯ ಮಂಟಪದ ಪಕ್ಕದಲ್ಲಿ. ಮರುಪ್ರದರ್ಶನಕ್ಕಾಗಿ ಬರುವ ಶನಿವಾರ ವ್ಯಾನು ಕಳಿಸುತ್ತೇವೆ ಎಂದು ಖಜಾಂಚಿಯವರು ಮೆಸೇಜು ಹಾಕಿದ್ದಾರೆ. ಕಿರೀಟಗಳನ್ನೂ ಮಂಟಪವನ್ನೂ ಬಾಗಿಲ ಹತ್ತಿರ ತೆಗೆದಿಡುತ್ತೇನೆ. ಮುಖವಾಡಗಳನ್ನು ಕೊಡುವುದಿಲ್ಲ. ಅವನ್ನು ಏನು ಮಾಡಬೇಕೆಂದು ನನ್ನ ಸಹೋದ್ಯೋಗಿಯನ್ನು ಕೇಳಿದ್ದೇನೆ. ಊರಿಗೆ ಹೋದಾಗ ಚಿಕ್ಕಮ್ಮನನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಅವರು ಹೇಳುವವರೆಗೆ ಹಳೆಯ ಬ್ಲಾಂಕೆಟ್ ಹೊದಿಸಿ ಇಟ್ಟಿದ್ದೇನೆ.

ವಿಶ್ವಾಸದೊಂದಿಗೆ,
ಸಂಘದ ಆಜೀವ ಸದಸ್ಯೆಯೊಬ್ಬಳು
ವ್ಯಾಂಕೋವರ್, ಬ್ರಿಟಿಷ್ ಕೊಲಂಬಿಯಾ